ಸಾರೀಕೃತ ಸಲ್ಫ್ಯೂರಿಕ್ ಆಮ್ಲ: ಲ್ಯಾಬ್‌ನಲ್ಲಿ ಬಳಸುವವರು ಪದೇ ಪದೇ ಕೇಳುವ ಪ್ರಶ್ನೆಗಳು

ಇಲ್ಲಿ ಹೇಳಿರುವುದು ಶೇ. 95ರಿಂದ 98ರಷ್ಟು ಸಾರವಿರುವ, ಬಾಟಲಿಯಲ್ಲಿ ಬರುವ ಸಲ್ಫ್ಯೂರಿಕ್ ಆಮ್ಲದ ಬಗ್ಗೆ. ಒಂದೊಂದು ಉತ್ತರವನ್ನೂ ಬಿಡಿಯಾಗಿ ಓದಿಕೊಳ್ಳಬಹುದು. ಆಮ್ಲ ಈಗಾಗಲೇ ಮೈಮೇಲೆ ಬಿದ್ದಿದ್ದರೆ ಮಾತ್ರ ಓದುತ್ತಾ ಕೂರಬೇಡಿ. ಮೊದಲು ನಲ್ಲಿ ತಿರುಗಿಸಿ ನೀರು ಹರಿಸಿ.

## ಮೊದಲು ತಿಳಿದಿರಬೇಕಾದದ್ದು

ಇದಕ್ಕೆ ವಾಸನೆಯೂ ಇಲ್ಲ, ಹೊಗೆಯೂ ಬರಲ್ಲ. ಹೈಡ್ರೋಕ್ಲೋರಿಕ್ ಆಮ್ಲಕ್ಕಿಂತ ಇದೇ ಸೌಮ್ಯ ಅಲ್ವಾ?

ಅಲ್ಲ. ಹೈಡ್ರೋಕ್ಲೋರಿಕ್ ಆಮ್ಲದ ಮುಚ್ಚಳ ತೆಗೆದರೆ ಮೂಗಿಗೆ ಕೂಡಲೇ ಗೊತ್ತಾಗುತ್ತದೆ, ಕೈ ತಾನಾಗಿಯೇ ಹಿಂದೆ ಸರಿಯುತ್ತದೆ. ಸಲ್ಫ್ಯೂರಿಕ್ ಆಮ್ಲ ಕುದಿಯುವುದು ಸುಮಾರು 337 ಡಿಗ್ರಿ ಸೆಲ್ಸಿಯಸ್‌ನಲ್ಲಿ. ಹಾಗಾಗಿ ಸಾಮಾನ್ಯ ತಾಪದಲ್ಲಿ ಅದರಿಂದ ಆವಿ ಏಳುವುದೇ ಇಲ್ಲ ಎನ್ನಬಹುದು. ಮೇಜಿನ ಮೇಲೆ ಬಿದ್ದ ಹನಿ ನೀರಿನ ಹನಿಯಂತೆಯೇ ಕಾಣುತ್ತದೆ, ಆರಿಯೂ ಹೋಗುವುದಿಲ್ಲ. ಯಾರಾದರೂ ಮೊಣಕೈ ಊರುವವರೆಗೂ ಅಲ್ಲೇ ಇರುತ್ತದೆ.

ಇದರ ಏಟು ಎರಡು ಬಗೆಯದು. ಒಂದು, ಪ್ರಬಲ ಆಮ್ಲವಾಗಿ ಚರ್ಮವನ್ನು ಕೊರೆಯುವುದು. ಇನ್ನೊಂದು, ಸಿಕ್ಕಲ್ಲೆಲ್ಲ ನೀರನ್ನು ಹೀರುವುದು, ಹೀರುವಾಗ ವಿಪರೀತ ಶಾಖ ಬಿಡುವುದು. ಸಕ್ಕರೆಯ ಮೇಲೆ ಹಾಕಿದರೆ ಅದು ಕಪ್ಪು ಇದ್ದಿಲಾಗಿ ಉಬ್ಬುವುದು ಈ ಎರಡನೆಯ ಗುಣದಿಂದ. ಚರ್ಮದಲ್ಲಿಯೂ ಆಗುವುದು ಅದೇ. ಆದ್ದರಿಂದ ಗಾಯದಲ್ಲಿ ಆಮ್ಲದ ಸುಡುವಿಕೆಯ ಜೊತೆಗೆ ಬಿಸಿಯ ಸುಟ್ಟಗಾಯವೂ ಸೇರಿರುತ್ತದೆ.

"ಸಾರರಿಕ್ತ ಆಮ್ಲ ತಾನೆ, ಏನಾಗಲ್ಲ" ಅಂತಾರೆ. ನಿಜಾನಾ?

ಲ್ಯಾಬ್ ಕೋಟುಗಳಲ್ಲಿ ಒಗೆದ ಮೇಲೆ ತೂತು ಕಾಣಿಸಿಕೊಳ್ಳುವುದು ಬಹುಪಾಲು ಇಂಥ "ಏನಾಗಲ್ಲ" ಹನಿಗಳಿಂದಲೇ. 1 ಮೋಲಾರ್ (ಲೀಟರ್‌ಗೆ 98 ಗ್ರಾಂ ಆಮ್ಲವಿರುವ) ದ್ರಾವಣದ ಹನಿ ಹತ್ತಿಬಟ್ಟೆಯ ಮೇಲೆ ಬಿದ್ದರೆ ಅದರ ನೀರು ಆವಿಯಾಗುತ್ತದೆ, ಆಮ್ಲ ಆವಿಯಾಗುವುದಿಲ್ಲ. ಗಂಟೆಗಳು ಕಳೆದಂತೆ ಆ ಜಾಗದಲ್ಲಿ ಉಳಿಯುವುದು ಸಾರೀಕೃತ ಆಮ್ಲವೇ. ನೂಲು ಒಳಗೊಳಗೇ ಪುಡಿಯಾಗಿ, ಒಗೆದಾಗ ಉದುರಿಹೋಗುತ್ತದೆ. ಮೇಜು, ನೋಟ್‌ಬುಕ್, ತಕ್ಕಡಿಯ ತಟ್ಟೆ ಎಲ್ಲಕ್ಕೂ ಇದೇ ಮಾತು. ಹನಿ ಬಿದ್ದ ಗಳಿಗೆಯಲ್ಲೇ ತೊಳೆದುಬಿಡಿ.

ಬಾಟಲಿಯ ಆಮ್ಲ ಕಂದು ಬಣ್ಣಕ್ಕೆ ತಿರುಗಿದೆ. ಕೆಟ್ಟುಹೋಗಿದೆಯಾ?

ಧೂಳು, ಜಿಡ್ಡು, ಕಾಗದದ ಚೂರು, ರಬ್ಬರ್ ಬಿರಡೆ ಹೀಗೆ ಯಾವುದೋ ಸಾವಯವ ವಸ್ತು ಒಳಗೆ ಹೋಗಿ ಕರಕಾಗಿರುತ್ತದೆ. ಆಮ್ಲದ ತೀಕ್ಷ್ಣತೆ ಏನೂ ಕುಗ್ಗಿರುವುದಿಲ್ಲ, ಅಪಾಯವೂ ಅಷ್ಟೇ ಇರುತ್ತದೆ. ನಿಖರ ವಿಶ್ಲೇಷಣೆಗೆ ಮಾತ್ರ ಬಳಸಬೇಡಿ. ಬಣ್ಣ ತೆಗೆಯಲೆಂದು ಹೈಡ್ರೋಜನ್ ಪೆರಾಕ್ಸೈಡನ್ನೋ ಬೇರೆ ಉತ್ಕರ್ಷಣಕಾರಿಯನ್ನೋ ಬಾಟಲಿಗೆ ಸುರಿಯುವುದು ಅನಾಹುತದ ದಾರಿ. ಇನ್ನೊಂದು ಅಭ್ಯಾಸವನ್ನೂ ಬಿಡಬೇಕು: ಬೀಕರ್‌ನಲ್ಲಿ ಮಿಕ್ಕ ಆಮ್ಲವನ್ನು ಮರಳಿ ಬಾಟಲಿಗೆ ಹಾಕುವುದು.

ಗ್ಲೌಸ್ ಹಾಕಿದ್ದೇನೆ, ಕನ್ನಡಕವೂ ಇದೆ. ಸಾಕಲ್ವಾ?

ಯಾವ ಗ್ಲೌಸ್ ಎಂಬುದು ಮುಖ್ಯ. ಲ್ಯಾಬ್‌ಗಳಲ್ಲಿ ಡಬ್ಬಿಯಿಂದ ಎಳೆದು ಹಾಕಿಕೊಳ್ಳುವ ತೆಳು ನೈಟ್ರೈಲ್ ಅಥವಾ ಲ್ಯಾಟೆಕ್ಸ್ ಗ್ಲೌಸ್ ಸಾರೀಕೃತ ಸಲ್ಫ್ಯೂರಿಕ್ ಆಮ್ಲವನ್ನು ಕೆಲವೇ ನಿಮಿಷ ತಡೆಯುತ್ತದೆ. ಹನಿ ಸಿಡಿದರೆ ತಕ್ಷಣ ಕಳಚಿ, ಕೈ ತೊಳೆದು, ಹೊಸದು ಹಾಕಿಕೊಳ್ಳುವವರೆಗೆ ಅದು ಸಾಕು. ಬಾಟಲಿಯಿಂದ ಸುರಿಯುವ ಕೆಲಸಕ್ಕೆ ಮೊಣಕೈ ಕಡೆಗೆ ಉದ್ದವಾಗಿರುವ, ದಪ್ಪನೆಯ ಬ್ಯುಟೈಲ್ ಅಥವಾ ನಿಯೋಪ್ರೀನ್ ಗ್ಲೌಸ್ ಬೇಕು. ಹಾಕಿಕೊಳ್ಳುವ ಮೊದಲು ಒಳಗೆ ಗಾಳಿ ಹಿಡಿದು, ಬಾಯಿ ತಿರುಚಿ, ಬೆರಳುಗಳನ್ನು ಒತ್ತಿ ನೋಡಿ. ಸೂಜಿಮೊನೆಯಷ್ಟು ತೂತಿದ್ದರೂ ಗಾಳಿ ಸೋರುತ್ತದೆ.

ಓದುವ ಕನ್ನಡಕಕ್ಕೆ ಪಕ್ಕದಲ್ಲಿ ತಡೆಯೇ ಇಲ್ಲ. ಮುಖಕ್ಕೆ ಅಂಟಿ ಕೂರುವ ಗಾಗಲ್ಸ್ ಬೇಕು. ನೂರು ಮಿಲಿಲೀಟರ್‌ಗಿಂತ ಹೆಚ್ಚು ಸುರಿಯುವುದಿದ್ದರೆ ಅದರ ಮೇಲೆ ಮುಖಕವಚವೂ ಇರಲಿ. ಕೋಟಿನ ಮೇಲೆ ರಬ್ಬರ್ ಅಥವಾ ಪಿವಿಸಿ ಏಪ್ರನ್, ಕಾಲಿಗೆ ಪೂರ್ತಿ ಮುಚ್ಚಿದ ಶೂ. ಪ್ಯಾಂಟಿನ ತುದಿ ಶೂ ಒಳಗೆ ಸಿಕ್ಕಿಸಿರಬಾರದು, ಹೊರಗಿರಬೇಕು. ಇಲ್ಲವಾದರೆ ಇಳಿದುಬಂದ ಆಮ್ಲ ನೇರ ಶೂ ಒಳಗೆ ಹೋಗಿ ನಿಲ್ಲುತ್ತದೆ.

## ನೀರಿನೊಂದಿಗೆ ಬೆರೆಸುವುದು

ಆಮ್ಲವನ್ನೇ ನೀರಿಗೆ ಹಾಕಬೇಕು ಅಂತಾರೆ. ಕೊನೆಗೆ ಎರಡೂ ಬೆರೆಯೋದೇ ತಾನೆ, ವ್ಯತ್ಯಾಸ ಏನು?

ಬಿಡುಗಡೆಯಾಗುವ ಒಟ್ಟು ಶಾಖ ಎರಡರಲ್ಲೂ ಒಂದೇ. ಅದು ಎಲ್ಲಿ ಶೇಖರವಾಗುತ್ತದೆ ಎಂಬುದೇ ವ್ಯತ್ಯಾಸ. ಆಮ್ಲದ ಸಾಂದ್ರತೆ ಮಿಲಿಲೀಟರ್‌ಗೆ 1.84 ಗ್ರಾಂ, ನೀರಿನದು 1 ಗ್ರಾಂ. ಆಮ್ಲದ ಮೇಲೆ ನೀರು ಸುರಿದರೆ ನೀರು ಮೇಲ್ಮೈಯಲ್ಲೇ ತೆಳುವಾಗಿ ನಿಲ್ಲುತ್ತದೆ. ಎರಡೂ ಸೇರುವ ಆ ಪದರದಲ್ಲಿ ಹುಟ್ಟಿದ ಶಾಖವೆಲ್ಲ ಅಷ್ಟೇ ಅಷ್ಟು ನೀರಿಗೆ ತಾಗಿ, ಅದು ಕ್ಷಣದಲ್ಲಿ ಕುದಿದು, ಆಮ್ಲವನ್ನೂ ಹೊತ್ತುಕೊಂಡು ಮೇಲಕ್ಕೆ ಸಿಡಿಯುತ್ತದೆ. ಅದು ಸಿಡಿಯುವುದು ಸುರಿಯುತ್ತಿರುವವರ ಮುಖದ ಕಡೆಗೆ.

ಆಮ್ಲವನ್ನು ನೀರಿಗೆ ಹಾಕಿದಾಗ ಅದು ತನ್ನ ಭಾರಕ್ಕೆ ಕೆಳಗಿಳಿಯುತ್ತದೆ, ಸುತ್ತಲೂ ಬೇಕಾದಷ್ಟು ನೀರಿರುವುದರಿಂದ ಶಾಖ ಹಂಚಿಹೋಗುತ್ತದೆ. ಆದರೆ ಇದೂ ಒಂದು ಮಿತಿಯೊಳಗೆ ಮಾತ್ರ. ಸಮಪ್ರಮಾಣದ ಆಮ್ಲ ಮತ್ತು ನೀರನ್ನು ತಂಪು ಮಾಡದೆ ಒಟ್ಟಿಗೇ ಬೆರೆಸಿದರೆ, ಕ್ರಮ ಸರಿಯಿದ್ದರೂ ತಾಪ 100 ಡಿಗ್ರಿ ದಾಟಬಲ್ಲದು.

1 ಮೋಲಾರ್ ದ್ರಾವಣ 1 ಲೀಟರ್ ಬೇಕು. ಎಷ್ಟು ಆಮ್ಲ, ಹೇಗೆ ಮಾಡೋದು?

ಬಾಟಲಿಯ ಲೇಬಲ್ ನೋಡಿ ಶುರುಮಾಡಿ. ಶೇಕಡಾವಾರನ್ನು ಸಾಂದ್ರತೆಯಿಂದ ಗುಣಿಸಿ, 10ರಿಂದ ಗುಣಿಸಿ, 98ರಿಂದ ಭಾಗಿಸಿದರೆ ಬಾಟಲಿಯ ಮೋಲಾರಿಟಿ ಸಿಗುತ್ತದೆ. ಶೇ. 98ರ ಆಮ್ಲಕ್ಕೆ ಅದು ಸುಮಾರು 18.4. ಹಾಗಾಗಿ 1 ಲೀಟರ್‌ಗೆ ಬೇಕಾದದ್ದು 1000 ಭಾಗಿಸು 18.4, ಅಂದರೆ ಸುಮಾರು 54 ಮಿಲಿಲೀಟರ್. 1 ನಾರ್ಮಲ್ (ಲೀಟರ್‌ಗೆ 49 ಗ್ರಾಂ ಆಮ್ಲವಿರುವ) ದ್ರಾವಣವಾದರೆ ಇದರ ಅರ್ಧ, 27 ಮಿಲಿಲೀಟರ್. ಈ ಎರಡನ್ನು ಅದಲುಬದಲು ಮಾಡಿಕೊಳ್ಳುವುದು ತುಂಬ ಸಾಮಾನ್ಯ.

2 ಲೀಟರಿನ ಬೋರೋಸಿಲಿಕೇಟ್ ಬೀಕರ್‌ಗೆ 700 ಮಿಲಿಲೀಟರ್ ತಣ್ಣನೆಯ ಶುದ್ಧ ನೀರು ಹಾಕಿ, ಮಂಜುಗಡ್ಡೆ ನೀರಿನ ತಟ್ಟೆಯಲ್ಲಿ ಕೂರಿಸಿ. ಮ್ಯಾಗ್ನೆಟಿಕ್ ಸ್ಟಿರರ್‌ನಿಂದ ಅಥವಾ ಗಾಜಿನ ಕಡ್ಡಿಯಿಂದ ಕಲಕುತ್ತಲೇ, ಆಮ್ಲವನ್ನು ಒಮ್ಮೆಗೆ 5ರಿಂದ 10 ಮಿಲಿಲೀಟರ್‌ನಂತೆ ಬೀಕರ್‌ನ ಗೋಡೆಗುಂಟ ಇಳಿಬಿಡಿ. ಆಮ್ಲ ಇಳಿಯುವಾಗ ನೀರಿನೊಳಗೆ ಎಳೆ ಎಳೆಯಾಗಿ ನಡುಗುವ ಗೆರೆಗಳು ಕಾಣುತ್ತವೆ. ಅವು ಮಾಯವಾಗುವವರೆಗೆ ಮುಂದಿನ ಪಾಲು ಹಾಕಬೇಡಿ. ಮಂಜುಗಡ್ಡೆ ಇಲ್ಲದಿದ್ದರೆ ಇಷ್ಟಕ್ಕೇ ತಾಪ 20 ಡಿಗ್ರಿಗೂ ಹೆಚ್ಚು ಏರುತ್ತದೆ. 40 ಡಿಗ್ರಿ ಮುಟ್ಟಿದರೆ ನಿಲ್ಲಿಸಿ, ಆರಲು ಬಿಡಿ.

ಪೂರ್ತಿ ತಣ್ಣಗಾದ ಮೇಲೆ ಮಾತ್ರ 1 ಲೀಟರಿನ ವಾಲ್ಯೂಮೆಟ್ರಿಕ್ ಫ್ಲಾಸ್ಕ್‌ಗೆ ವರ್ಗಾಯಿಸಿ, ಗೆರೆಯವರೆಗೆ ನೀರು ತುಂಬಿ. ಬೆರೆಸುವ ಕೆಲಸವನ್ನು ಆ ಫ್ಲಾಸ್ಕ್‌ನಲ್ಲೇ ಮಾಡಬಾರದು. ಕಿರಿದಾದ ಕತ್ತಿನಲ್ಲಿ ಕಲಕಲು ಆಗುವುದಿಲ್ಲ, ಬಿಸಿ ದ್ರಾವಣದ ಅಳತೆಯೂ ತಪ್ಪುತ್ತದೆ. ಟೈಟ್ರೇಷನ್‌ಗೆ (ಹನಿ ಹನಿಯಾಗಿ ಸೇರಿಸಿ ಪ್ರಮಾಣ ಅಳೆಯುವ ಪರೀಕ್ಷೆಗೆ) ಬಳಸುವುದಾದರೆ ಈ ಲೆಕ್ಕವನ್ನೇ ನಂಬದೆ ಒಣಗಿಸಿದ ಸೋಡಿಯಂ ಕಾರ್ಬನೇಟ್‌ನಿಂದ ಸಾರತೆಯನ್ನು ನಿಗದಿಪಡಿಸಿಕೊಳ್ಳಿ.

ನೀರಿಗೇ ಆಮ್ಲ ಹಾಕಿದ್ದು. ಆದರೂ ಆಮೇಲೆ ಕಲಕಿದಾಗ ಚಿಮ್ಮಿತು. ಯಾಕೆ?

ಕಲಕದೆ ಸುರಿದಿದ್ದರಿಂದ. ಆಮ್ಲ ಭಾರವಾಗಿ, ಎಣ್ಣೆಯಂತೆ ಮಂದವಾಗಿ ಇರುವುದರಿಂದ ಬೀಕರ್‌ನ ತಳಕ್ಕೆ ಹೋಗಿ ಒಂದು ಪದರವಾಗಿ ಮಲಗುತ್ತದೆ. ಮೇಲಿನ ನೀರು ತಣ್ಣಗೇ ಇರುವುದರಿಂದ ಎಲ್ಲ ಸರಿಯಿದೆ ಎನಿಸುತ್ತದೆ. ಆಮೇಲೆ ಕಡ್ಡಿ ಆಡಿಸಿದಾಗ ಆ ಪದರವೆಲ್ಲ ಒಮ್ಮೆಲೇ ಬೆರೆತು ಕುದಿಯುತ್ತದೆ. ಕ್ರಮದಷ್ಟೇ ಕಲಕುವುದೂ ಮುಖ್ಯ. ತಳದಲ್ಲಿ ಪದರ ನಿಂತಿದೆ ಎಂದು ಗೊತ್ತಾದರೆ ಫ್ಯೂಮ್ ಹುಡ್‌ನ (ಹೊಗೆ ಎಳೆದು ಹೊರಹಾಕುವ ಕಪಾಟಿನ) ಗಾಜು ಇಳಿಸಿ, ಬೀಕರ್ ಸುತ್ತ ಮಂಜುಗಡ್ಡೆ ಇಟ್ಟು, ಮ್ಯಾಗ್ನೆಟಿಕ್ ಸ್ಟಿರರನ್ನು ಅತಿ ನಿಧಾನ ವೇಗದಲ್ಲಿ ಶುರುಮಾಡಿ ದೂರ ನಿಲ್ಲಿ.

ಪಿಪೆಟ್‌ನಲ್ಲಿ ಅಳೆಯಬಹುದಾ?

ಬಾಯಿಂದ ಎಳೆಯುವುದು ಯಾವ ಕಾರಣಕ್ಕೂ ಸಲ್ಲದು. ಬಲ್ಬ್ ಹಾಕಿದ ಗಾಜಿನ ಪಿಪೆಟ್ ಆಗಬಹುದು, ಆದರೆ ಆಮ್ಲ ಮಂದವಾಗಿರುವುದರಿಂದ ಗೋಡೆಗೆ ಅಂಟಿಕೊಂಡು ನಿಧಾನವಾಗಿ ಇಳಿಯುತ್ತದೆ, ಅಳತೆ ಕಡಿಮೆ ಬೀಳುತ್ತದೆ. ಅಳತೆ ಜಾಡಿಯೇ ಅನುಕೂಲ. ನಿಖರತೆ ಬೇಕಿದ್ದರೆ ತೂಕ ಮಾಡಿ. ಮೈಕ್ರೋಪಿಪೆಟ್ ಬಳಸಿದರೆ ಅಳತೆಯೂ ತಪ್ಪುತ್ತದೆ, ಒಳಗಿನ ಲೋಹದ ಭಾಗಗಳೂ ಹಾಳಾಗುತ್ತವೆ.

## ಅವಘಡವಾದಾಗ

ಕೈಮೇಲೆ ಬಿತ್ತು. ನೀರು ಹಾಕಿದರೆ ಇನ್ನೂ ಬಿಸಿ ಏಳುತ್ತದಲ್ಲ, ಮೊದಲು ಒರೆಸಬೇಕಾ?

ನೀರು ಹರಿಸಿ, ಧಾರಾಳವಾಗಿ, ತಕ್ಷಣ. ಬಿಸಿ ಏಳುವುದು ನಿಜ, ಆದರೆ ರಭಸದಿಂದ ಹರಿಯುವ ನೀರು ಆ ಬಿಸಿಯನ್ನೂ ಆಮ್ಲವನ್ನೂ ಜೊತೆಗೇ ಒಯ್ಯುತ್ತದೆ. ಕೆಟ್ಟದ್ದು ಅರೆಬರೆ ನೀರು: ಒದ್ದೆ ಬಟ್ಟೆಯಿಂದ ಒರೆಸುವುದು, ಬೊಗಸೆ ನೀರು ಚಿಮುಕಿಸುವುದು. ಅಷ್ಟು ನೀರು ಶಾಖ ಹುಟ್ಟಿಸಲು ಸಾಕು, ಒಯ್ಯಲು ಸಾಲದು. ಒಣ ಬಟ್ಟೆ ಕೈಯಲ್ಲೇ ಇದ್ದರೆ ನಲ್ಲಿಯತ್ತ ಹೋಗುತ್ತಾ ಒಮ್ಮೆ ಮೆಲ್ಲನೆ ಒತ್ತಿ ತೆಗೆಯಬಹುದು, ತಿಕ್ಕಬಾರದು. ಬಟ್ಟೆ ಹುಡುಕುತ್ತಾ ಒಂದು ಕ್ಷಣವೂ ಕಳೆಯಬೇಡಿ.

ಕನಿಷ್ಠ 15ರಿಂದ 20 ನಿಮಿಷ ನೀರಿನಡಿಯಲ್ಲಿರಿ. ಉಂಗುರ, ಗಡಿಯಾರ, ಆಮ್ಲ ತಾಗಿದ ಬಟ್ಟೆ ಎಲ್ಲವನ್ನೂ ನೀರು ಬೀಳುತ್ತಿರುವಾಗಲೇ ತೆಗೆಯಿರಿ. ತಲೆಯ ಮೇಲಿಂದ ಎಳೆಯಬೇಕಾದ ಟೀ ಶರ್ಟ್‌ಗಳನ್ನು ಕತ್ತರಿಸಿ, ಇಲ್ಲದಿದ್ದರೆ ಆಮ್ಲ ಮುಖಕ್ಕೆ ಹತ್ತುತ್ತದೆ. ನಾಚಿಕೆಯಿಂದ ಬಟ್ಟೆ ತೆಗೆಯಲು ತಡಮಾಡಿದವರಿಗೆ ಗಾಯ ಆಳವಾಗುತ್ತದೆ. ಜೊತೆಯಲ್ಲಿರುವವರು ಪರದೆ ಹಿಡಿದು ನೆರವಾಗಬೇಕು. ಮುಲಾಮು ಬೇಡ, ಗುಳ್ಳೆ ಒಡೆಯುವುದು ಬೇಡ. ಸಡಿಲವಾಗಿ ಸ್ವಚ್ಛ ಬಟ್ಟೆ ಮುಚ್ಚಿ ವೈದ್ಯರ ಬಳಿ ಹೋಗಿ.

ಅಡುಗೆ ಸೋಡಾ ಹಚ್ಚಿದರೆ ಆಮ್ಲ ಸತ್ತುಹೋಗಲ್ವಾ?

ನೆಲದ ಮೇಲೆ ಸರಿ, ಮೈಮೇಲೆ ಬೇಡ. ಸೋಡಾ ಹುಡುಕುವ ಹೊತ್ತಿನಲ್ಲಿ ಆಮ್ಲ ಒಳಕ್ಕಿಳಿಯುತ್ತದೆ, ತಟಸ್ಥಗೊಳ್ಳುವಾಗಲೂ ಶಾಖ ಹುಟ್ಟುತ್ತದೆ, ಪುಡಿಯಿಂದ ಗಾಯ ಉಜ್ಜಿಹೋಗುತ್ತದೆ. ಕ್ಯಾಲ್ಸಿಯಂ ಗ್ಲುಕೋನೇಟ್ ಜೆಲ್ ಬಗ್ಗೆಯೂ ಹಲವರು ಕೇಳುತ್ತಾರೆ. ಅದು ಹೈಡ್ರೋಫ್ಲೋರಿಕ್ ಆಮ್ಲಕ್ಕೆ, ಇದಕ್ಕಲ್ಲ.

ಕಣ್ಣಿಗೆ ಹಾರಿದರೆ?

ಕಣ್ಣು ತೊಳೆಯುವ ಸಾಧನದ ಕೆಳಗೆ, ರೆಪ್ಪೆಗಳನ್ನು ಬೆರಳಿನಿಂದ ಬಿಡಿಸಿ ಹಿಡಿದು, ಕನಿಷ್ಠ 15 ನಿಮಿಷ. ನೋವಿಗೆ ಕಣ್ಣು ಬಿಗಿಯಾಗಿ ಮುಚ್ಚಿಕೊಳ್ಳುವುದು ಸಹಜ, ಆದ್ದರಿಂದ ಇನ್ನೊಬ್ಬರು ಹಿಡಿಯಲೇಬೇಕು. ಕಣ್ಣುಗುಡ್ಡೆಯನ್ನು ನಾಲ್ಕೂ ಕಡೆ ಹೊರಳಿಸಲು ಹೇಳುತ್ತಿರಿ. ಕಾಂಟ್ಯಾಕ್ಟ್ ಲೆನ್ಸ್ ಸುಲಭವಾಗಿ ಬಂದರೆ ತೊಳೆಯುತ್ತಲೇ ತೆಗೆಯಿರಿ, ಅದಕ್ಕಾಗಿ ತೊಳೆಯುವುದನ್ನು ತಡಮಾಡಬೇಡಿ. ಒಂದೇ ಕಣ್ಣಿಗೆ ಬಿದ್ದಿದ್ದರೆ ನೀರು ಇನ್ನೊಂದು ಕಣ್ಣಿಗೆ ಹರಿಯದಂತೆ ತಲೆ ವಾಲಿಸಿ. ಉರಿ ನಿಂತರೂ ಆಸ್ಪತ್ರೆಗೆ ಹೋಗಲೇಬೇಕು.

ಅಕಸ್ಮಾತ್ ಬಾಯಿಗೆ ಹೋದರೆ ವಾಂತಿ ಮಾಡಿಸಬೇಕಾ?

ಖಂಡಿತ ಬೇಡ. ಇಳಿಯುವಾಗ ಸುಟ್ಟ ಅನ್ನನಾಳವನ್ನು ಹತ್ತುವಾಗ ಮತ್ತೊಮ್ಮೆ ಸುಡುತ್ತದೆ. ಬಾಯಿ ಮುಕ್ಕಳಿಸಿ ಉಗುಳಿಸಿ, ಸೋಡಾ ನೀರನ್ನೂ ಸುಣ್ಣದ ನೀರನ್ನೂ ಕುಡಿಸಬೇಡಿ, ನೇರ ಆಸ್ಪತ್ರೆಗೆ ಕರೆದೊಯ್ಯಿರಿ. ಬಾಟಲಿಯ ಲೇಬಲ್‌ನ ಚಿತ್ರ ಜೊತೆಗಿರಲಿ.

ನೆಲದ ಮೇಲೆ ಚೆಲ್ಲಿದೆ. ನೀರು ಹಾಕಿ ತೊಳೆದುಬಿಡಲಾ?

ಸಾರೀಕೃತ ಆಮ್ಲದ ಮಡುವಿಗೆ ನೇರ ನೀರು ಸುರಿದರೆ ಅದು ಸಿಡಿಯುತ್ತದೆ. ಮರದ ಪುಡಿ, ಕಾಗದ, ಹತ್ತಿ ಬಟ್ಟೆ ಹಾಕಿದರೆ ಅವು ಕರಕಾಗಿ ಹೊಗೆಯಾಡುತ್ತವೆ. ಕಾಸ್ಟಿಕ್ ಸೋಡಾ ಬಳಸಿದರೆ ಶಾಖ ಹಿಡಿತಕ್ಕೆ ಸಿಗುವುದಿಲ್ಲ.

ಮೊದಲು ಒಣ ಮರಳು ಅಥವಾ ವರ್ಮಿಕ್ಯುಲೈಟ್ ಎಂಬ ದ್ರವ ಹೀರುವ ಖನಿಜದಿಂದ ಸುತ್ತಲೂ ಒಡ್ಡು ಕಟ್ಟಿ. ಆಮೇಲೆ ಅಡುಗೆ ಸೋಡಾವನ್ನು ಅಂಚಿನಿಂದ ನಡುವಿಗೆ ಸ್ವಲ್ಪ ಸ್ವಲ್ಪವೇ ಉದುರಿಸಿ. ಪ್ರಮಾಣದ ಅಂದಾಜು ಹಲವರಿಗೆ ಇರುವುದಿಲ್ಲ: 100 ಮಿಲಿಲೀಟರ್ ಸಾರೀಕೃತ ಆಮ್ಲಕ್ಕೆ ಲೆಕ್ಕದ ಪ್ರಕಾರವೇ ಸುಮಾರು 310 ಗ್ರಾಂ ಸೋಡಾ ಬೇಕು, ಕೈಯಲ್ಲಿ ಅರ್ಧ ಕಿಲೋ ಇರಬೇಕು. ಅದರಿಂದ ಸುಮಾರು 90 ಲೀಟರ್ ಇಂಗಾಲದ ಡೈಆಕ್ಸೈಡ್ ಹೊರಬರುತ್ತದೆ. ಆದ್ದರಿಂದ ಕಿಟಕಿ ತೆರೆದಿರಲಿ, ನೊರೆ ಉಕ್ಕುವಾಗ ಬಗ್ಗಿ ನೋಡಬೇಡಿ. ನೊರೆ ನಿಂತ ಮೇಲೆ ಪ್ಲಾಸ್ಟಿಕ್ ಮೊಗೆಯಿಂದ ಎತ್ತಿ, ಕೊನೆಗೆ ನೀರಿನಿಂದ ತೊಳೆಯಿರಿ. ಎರಡೂವರೆ ಲೀಟರಿನ ಬಾಟಲಿಯೇ ಒಡೆದಿದ್ದರೆ ಇದು ಒಬ್ಬರ ಕೈಯಲ್ಲಾಗುವ ಕೆಲಸವಲ್ಲ. ಕೋಣೆ ಖಾಲಿ ಮಾಡಿಸಿ, ತರಬೇತಿ ಇರುವವರನ್ನು ಕರೆಯಿರಿ.

## ಇಡುವುದು, ಒಯ್ಯುವುದು, ವಿಲೇವಾರಿ

ಕಪಾಟಿನಲ್ಲಿ ಎಲ್ಲಿ ಇಡಬೇಕು?

ಸೊಂಟಕ್ಕಿಂತ ಕೆಳಗಿನ ಅರೆಯಲ್ಲಿ, ಬಾಟಲಿ ಒಡೆದರೆ ಪೂರ್ತಿ ಆಮ್ಲ ಹಿಡಿಯುವಷ್ಟು ಆಳದ ಪಾಲಿಎಥಿಲೀನ್ ತಟ್ಟೆಯೊಳಗೆ. "ಆಮ್ಲಗಳೆಲ್ಲ ಒಂದೇ ಕಡೆ" ಎಂಬ ಏರ್ಪಾಡು ಅರ್ಧ ಸರಿ. ನೈಟ್ರಿಕ್ ಆಮ್ಲಕ್ಕೆ ಪ್ರತ್ಯೇಕ ತಟ್ಟೆ ಬೇಕು, ಅಸಿಟಿಕ್ ಆಮ್ಲ ಸಾವಯವ ದ್ರವಗಳ ಜೊತೆ ಹೋಗಬೇಕು. ಕ್ಷಾರಗಳು, ಕ್ಲೋರೇಟ್, ಪರ್ಮಾಂಗನೇಟ್, ಲೋಹದ ಪುಡಿ ಹತ್ತಿರವೂ ಇರಬಾರದು. ಮುಚ್ಚಳ ಬಿಗಿಯಾಗಿರಲಿ. ಸಡಿಲವಿದ್ದರೆ ಆಮ್ಲ ಗಾಳಿಯ ತೇವ ಹೀರಿ, ತಿಂಗಳುಗಳಲ್ಲಿ ಬಾಟಲಿಯ ಮಟ್ಟವೇ ಏರುತ್ತದೆ.

ಒಂದು ಕೋಣೆಯಿಂದ ಇನ್ನೊಂದಕ್ಕೆ ಕೈಯಲ್ಲೇ ಒಯ್ಯಬಹುದಾ?

ಕತ್ತು ಹಿಡಿದು ಒಯ್ಯಬೇಡಿ. ಎರಡೂವರೆ ಲೀಟರ್ ಆಮ್ಲ ಒಂದೇ ನಾಲ್ಕೂವರೆ ಕಿಲೋ ತೂಗುತ್ತದೆ, ಗಾಜಿನ ತೂಕ ಬೇರೆ. ಹಿಡಿಯಿರುವ ಪ್ಲಾಸ್ಟಿಕ್ ಬಕೆಟ್‌ನೊಳಗೆ ಇಟ್ಟು ಒಯ್ಯಿರಿ.

ಮಿಕ್ಕ ಆಮ್ಲವನ್ನು ಸಿಂಕ್‌ಗೆ ಬಿಡಬಹುದಾ?

ಹಾಗೆಯೇ ಬಿಡಬಾರದು. 10 ಮಿಲಿಲೀಟರ್ ಆಮ್ಲವನ್ನು ಕನಿಷ್ಠ 200 ಮಿಲಿಲೀಟರ್ ತಣ್ಣೀರಿಗೆ ನಿಧಾನವಾಗಿ ಸೇರಿಸಿ. ಆರಿದ ಮೇಲೆ ಸೋಡಿಯಂ ಕಾರ್ಬನೇಟ್ ಅಥವಾ ಅಡುಗೆ ಸೋಡಾವನ್ನು ಚಿಟಿಕೆ ಚಿಟಿಕೆಯಾಗಿ ಹಾಕುತ್ತಾ, ಪಿಎಚ್ ಕಾಗದ 6ರಿಂದ 8ರ ನಡುವೆ ತೋರಿಸುವವರೆಗೆ ತನ್ನಿ. ಪಾತ್ರೆ ಮೂರನೇ ಒಂದು ಭಾಗಕ್ಕಿಂತ ಹೆಚ್ಚು ತುಂಬಿರಬಾರದು, ನೊರೆಗೆ ಜಾಗ ಬೇಕು. ಸಂಸ್ಥೆಯ ನಿಯಮ ಒಪ್ಪಿದರೆ ಮಾತ್ರ ಆ ಉಪ್ಪುನೀರು ಸಿಂಕ್‌ಗೆ ಹೋಗಬಹುದು. ಕ್ರೋಮಿಯಂ, ಪಾದರಸ, ತಾಮ್ರ ಬೆರೆತ ಆಮ್ಲ ತಟಸ್ಥವಾದರೂ ವಿಷವೇ. ಅದು ಅಪಾಯಕಾರಿ ತ್ಯಾಜ್ಯದ ಡಬ್ಬಿಗೆ ಹೋಗಬೇಕು. ಸುಣ್ಣ ಬಳಸಿದರೆ ಜಿಪ್ಸಂ ಕೆಸರು ಕಟ್ಟಿ ಕೊಳವೆ ಕಟ್ಟಿಕೊಳ್ಳುತ್ತದೆ.

## ಬಳಸಿ ಪಳಗಿದವರು ಕೇಳುವುದು

ಯಾವುದರ ಜೊತೆ ಸೇರಿಸಲೇಬಾರದು?

ಪೊಟ್ಯಾಸಿಯಂ ಪರ್ಮಾಂಗನೇಟ್ ಎಲ್ಲಕ್ಕಿಂತ ಮೊದಲು. ಸಾರೀಕೃತ ಆಮ್ಲದೊಂದಿಗೆ ಅದು ಮ್ಯಾಂಗನೀಸ್ ಹೆಪ್ಟಾಕ್ಸೈಡ್ ಎಂಬ ಹಸಿರು ದ್ರವವಾಗಿ, ತುಸು ಬಿಸಿಗೇ ಸ್ಫೋಟಿಸುತ್ತದೆ. ಟೈಟ್ರೇಷನ್‌ನಲ್ಲಿ ಇವೆರಡನ್ನೂ ಒಟ್ಟಿಗೆ ಬಳಸುತ್ತೇವಲ್ಲ ಎಂದರೆ, ಅಲ್ಲಿರುವುದು ಸಾರರಿಕ್ತ ಆಮ್ಲ. ಕ್ಲೋರೇಟ್‌ಗಳು ಸ್ಫೋಟಕ ಕ್ಲೋರಿನ್ ಡೈಆಕ್ಸೈಡ್ ಕೊಡುತ್ತವೆ. ಸಯನೈಡ್‌ನಿಂದ ಹೈಡ್ರೋಜನ್ ಸಯನೈಡ್, ಸಲ್ಫೈಡ್‌ನಿಂದ ಹೈಡ್ರೋಜನ್ ಸಲ್ಫೈಡ್, ಬ್ಲೀಚ್‌ನಿಂದ ಕ್ಲೋರಿನ್, ಫಾರ್ಮಿಕ್ ಆಮ್ಲದಿಂದ ಕಾರ್ಬನ್ ಮೊನಾಕ್ಸೈಡ್ ಏಳುತ್ತವೆ. ಕೊನೆಯದಕ್ಕೆ ಬಣ್ಣವೂ ಇಲ್ಲ, ವಾಸನೆಯೂ ಇಲ್ಲ. ಸಾರೀಕೃತ ಹೈಡ್ರೋಕ್ಲೋರಿಕ್ ಆಮ್ಲಕ್ಕೆ ಬೆರೆಸಿದರೂ ಅದರ ನೀರನ್ನು ಸೆಳೆದು, ಅನಿಲವನ್ನು ಭುಸ್ಸನೆ ಹೊರದೂಡುತ್ತದೆ.

ಗಾಜಿನ ಸಾಮಾನು ತೊಳೆಯಲು ಹೈಡ್ರೋಜನ್ ಪೆರಾಕ್ಸೈಡ್ ಜೊತೆ ಬೆರೆಸುತ್ತಾರಲ್ಲ, ಅದು ಸರಿಯಾ?

"ಪಿರಾನಾ" ಎಂದು ಕರೆಯುವ ಆ ಮಿಶ್ರಣ ಮಾಮೂಲಿ ತೊಳೆತಕ್ಕಲ್ಲ. ಸಾಬೂನು, ಅಸಿಟೋನ್, ಮದ್ಯಸಾರಯುಕ್ತ ಕ್ಷಾರ ಇವುಗಳಿಂದ ಹೋಗದ ಕೊಳೆ ಅಪರೂಪ. ಅಸಿಟೋನ್‌ನಲ್ಲಿ ತೊಳೆದು ಒಣಗಿಸದ ಪಾತ್ರೆಗೆ ಪಿರಾನಾ ಹಾಕಿದಾಗಲೇ ಸ್ಫೋಟಗಳಾಗುವುದು. ಬಳಸಿದ ಮಿಶ್ರಣವನ್ನು ಮುಚ್ಚಿದ ಬಾಟಲಿಯಲ್ಲಿ ಇಟ್ಟರೆ ಒಳಗೆ ಆಮ್ಲಜನಕ ಸೇರಿ ಬಾಟಲಿ ಸಿಡಿಯುತ್ತದೆ. ಬರೆದಿಟ್ಟ ವಿಧಾನ ಮತ್ತು ಪಳಗಿದವರ ಮೇಲ್ವಿಚಾರಣೆ ಇಲ್ಲದ ಲ್ಯಾಬ್‌ನಲ್ಲಿ ಇದನ್ನು ಮಾಡಬಾರದು ಎಂಬುದು ನಮ್ಮ ನಿಲುವು.

ಕೆಲ್ಡಾಲ್‌ನಂಥ (ಸಾರಜನಕದ ಪ್ರಮಾಣ ಅಳೆಯುವ ವಿಧಾನ) ಕೆಲಸಕ್ಕೆ ಆಮ್ಲ ಕಾಯಿಸುವಾಗ ಏನು ನೋಡಬೇಕು?

ಫ್ಲಾಸ್ಕ್ ಅರ್ಧಕ್ಕಿಂತ ಕಡಿಮೆ ತುಂಬಿರಲಿ, ಕುದಿ ಸಮವಾಗಿರಲು ಗಾಜಿನ ಮಣಿ ತಣ್ಣಗಿರುವಾಗಲೇ ಹಾಕಿ. ಬಿಸಿಯಾದ ಮೇಲೆ ಮಣಿ ಹಾಕಿದರೆ ಒಮ್ಮೆಲೇ ಉಕ್ಕುತ್ತದೆ. ಎಣ್ಣೆಯ ಬಾಣಲೆಯಲ್ಲಿ ಕಾಯಿಸಬೇಡಿ, ಫ್ಲಾಸ್ಕ್ ಒಡೆದರೆ ಬಿಸಿ ಎಣ್ಣೆ ಮತ್ತು ಬಿಸಿ ಆಮ್ಲ ಒಂದಾಗುತ್ತವೆ. ದಟ್ಟ ಬಿಳಿ ಹೊಗೆ ಎಂದರೆ ಸಲ್ಫರ್ ಟ್ರೈಆಕ್ಸೈಡ್ ಮತ್ತು ಆಮ್ಲದ ಮಂಜು, ಹೊಗೆ ಎಳೆಯುವ ವ್ಯವಸ್ಥೆ ಚಾಲೂ ಇರಲೇಬೇಕು. ನೀರಿನ ಕೊಳವೆಯ ಜೋಡಣೆ ಬಿಸಿ ಆಮ್ಲದ ನೇರ ಮೇಲೆ ಬರದಂತೆ ಉಪಕರಣ ಕೂರಿಸಿ. ಬಹುತೇಕ ಅಪಘಾತಗಳು ಕೊನೆಯ ಹಂತದವು: ಫ್ಲಾಸ್ಕ್ ಪೂರ್ತಿ ಆರುವ ಮೊದಲೇ ನೀರು ಸೇರಿಸುವುದು. ಇಲ್ಲಿ ವಿಧಾನವೇ ನೀರನ್ನು ಆಮ್ಲಕ್ಕೆ ಹಾಕಲು ಹೇಳುತ್ತದೆ. ಆದ್ದರಿಂದ ಕೈಗೆ ತಣ್ಣಗಾಗುವವರೆಗೆ ಕಾದು, ಗೋಡೆಗುಂಟ ಹನಿ ಹನಿಯಾಗಿ, ಅಲುಗಿಸುತ್ತಾ ಸೇರಿಸಿ.

ಈ ಆಮ್ಲದಿಂದ ಕ್ಯಾನ್ಸರ್ ಬರುತ್ತದೆ ಅಂತ ಓದಿದೆ. ಬಾಟಲಿ ಮುಟ್ಟಿದರೂ ಭಯವಾ?

ಅಂತರರಾಷ್ಟ್ರೀಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ 1992ರಲ್ಲಿ ಸಲ್ಫ್ಯೂರಿಕ್ ಆಮ್ಲವಿರುವ ಪ್ರಬಲ ಆಮ್ಲಗಳ ಮಂಜನ್ನು ಮೊದಲ ಗುಂಪಿನ ಕ್ಯಾನ್ಸರ್‌ಕಾರಕ ಎಂದು ವರ್ಗೀಕರಿಸಿತು. ಅದು ವರ್ಷಗಟ್ಟಲೆ ಆಮ್ಲದ ಮಂಜು ಉಸಿರಾಡುವ ಕಾರ್ಖಾನೆ ಕೆಲಸಗಾರರ ಧ್ವನಿಪೆಟ್ಟಿಗೆಯ ಕ್ಯಾನ್ಸರ್‌ಗೆ ಸಂಬಂಧಿಸಿದ ಮಾತು, ಮುಚ್ಚಿದ ಬಾಟಲಿಯ ಮಾತಲ್ಲ. ಅಮೆರಿಕದ ಔದ್ಯೋಗಿಕ ನಿಯಮದಲ್ಲಿ 8 ಗಂಟೆಯ ಸರಾಸರಿ ಮಿತಿ ಘನಮೀಟರ್ ಗಾಳಿಗೆ 1 ಮಿಲಿಗ್ರಾಂ. ಲ್ಯಾಬ್‌ನಲ್ಲಿ ಮಂಜು ಹುಟ್ಟುವುದು ಕಾಯಿಸುವಾಗ, ಗುಳ್ಳೆ ಏಳುವ ಕ್ರಿಯೆಗಳಲ್ಲಿ, ಬ್ಯಾಟರಿ ಚಾರ್ಜ್ ಮಾಡುವಾಗ. ಆ ಕೆಲಸಗಳು ಫ್ಯೂಮ್ ಹುಡ್‌ನೊಳಗೆ ನಡೆಯಲಿ.

ಚಳಿಗೆ ಬಾಟಲಿಯಲ್ಲಿ ಹರಳು ಕಟ್ಟಿದೆ. ಏನು ಮಾಡಲಿ?

ಶೇ. 98ರ ಆಮ್ಲ ಸುಮಾರು 3 ಡಿಗ್ರಿಯಲ್ಲಿ ಹೆಪ್ಪುಗಟ್ಟುತ್ತದೆ, ಇದು ದೋಷವಲ್ಲ. ಉಗುರುಬೆಚ್ಚಗಿನ ಕೋಣೆಯಲ್ಲಿ ತಟ್ಟೆಯೊಳಗಿಟ್ಟು, ತಾನಾಗಿ ಕರಗಲು ಒಂದು ದಿನ ಬಿಡಿ. ಬಿಸಿನೀರಿನಲ್ಲಿ ಅದ್ದಿದರೆ ಗಾಜು ಬಿರುಕು ಬಿಡಬಹುದು, ಆಗ ಆಮ್ಲವೆಲ್ಲ ಆ ನೀರಿಗೇ ಸೇರುತ್ತದೆ. ಆದರೆ ಮುಚ್ಚಳ ತೆರೆದಾಗ ತಣ್ಣನೆಯ ಆಮ್ಲದಿಂದಲೂ ಬಿಳಿ ಹೊಗೆ ಎದ್ದರೆ ಲೇಬಲ್ ಮತ್ತೆ ಓದಿ. ಅದು ಓಲಿಯಂ, ಅಂದರೆ ಸಲ್ಫರ್ ಟ್ರೈಆಕ್ಸೈಡ್ ಕರಗಿರುವ ಸಲ್ಫ್ಯೂರಿಕ್ ಆಮ್ಲ, ಇರಬಹುದು. ಲೇಬಲ್‌ನ ಯುಎನ್ ಸಂಖ್ಯೆ (ಅಪಾಯಕಾರಿ ಸರಕಿನ ಗುರುತು ಸಂಖ್ಯೆ) 1830 ಎಂದಿದ್ದರೆ ಸಲ್ಫ್ಯೂರಿಕ್ ಆಮ್ಲ, 1831 ಎಂದಿದ್ದರೆ ಹೊಗೆಯಾಡುವ ಓಲಿಯಂ. ಮೇಲೆ ಹೇಳಿದ ಬೆರೆಸುವ ವಿಧಾನ ಓಲಿಯಂಗೆ ಅನ್ವಯಿಸುವುದಿಲ್ಲ. ಅದನ್ನು ನೇರ ನೀರಿಗೆ ಹಾಕಿದರೂ ಸಿಡಿಯುತ್ತದೆ.